ಎಂಟೆಳೆ ಒಟ್ಟಿಗೆ ಓಡುವ ಕೇಬಲ್

ನಮ್ಮ ಮನೆಯ ಪ್ರಿಂಟರ್ ಕೇಬಲನ್ನು ಇಲಿ ಕಡಿದದ್ದು ಸರಿಯಾದ ಹೊತ್ತು ನೋಡಿಯೇ. ಮಧುವನಹಳ್ಳಿಯ ಮದುವೆ ಹೆಣ್ಣಿನ ಕಡೆಯವರು, ಸೀರೆಯಂಚಿಗೆ ನನ್ನ ಸೊಸೆ ಬರೆದ ಹೂವೇ ಬೇಕು ಎಂದು ಹೇಳಿ ಹೋಗಿದ್ದರು. ಅವಳ ಹೂವಿಗೆ ಅದೇ ಮೊದಲ ಗಿರಾಕಿ. ಆ ಹೂವು ಮಗ್ಗಕ್ಕೆ ತಿಳಿಯಬೇಕಾದರೆ ಕಂಪ್ಯೂಟರಿನಲ್ಲಿ ಚೌಕ ಚೌಕ ತುಂಬಿ, ಉದ್ದನೆಯ ಕಾಗದಕ್ಕೆ ಇಳಿಸಬೇಕು. ಅದನ್ನು ನೋಡಿಕೊಂಡು ಒಬ್ಬ ರಟ್ಟಿಗೆ ತೂತು ಹೊಡೆಯಬೇಕು, ಆ ತೂತಿನ ಪ್ರಕಾರವೇ ಮಗ್ಗ ಎಳೆ ಎತ್ತುವುದು. ತೂತು ಹೊಡೆಯುವವನು ಅವತ್ತು ಸಂಜೆಯ ಬಸ್ಸಿಗೆ ಹನೂರಿಗೆ ಹೊರಟಿದ್ದ, ಮಗಳ ಬಾಣಂತನಕ್ಕೆ. ಅಷ್ಟರೊಳಗೆ ಕಾಗದ ಸೇರದಿದ್ದರೆ ಸೀರೆ ಬೇರೆಯವರ ಮಗ್ಗಕ್ಕೆ.

"ಈ ತುಂಡು ತಕಂಡೋಗಿ ತೋರ್ಸಿ ಅತ್ತೆ, ಇಂಥದ್ದೇ ಕೊಡ್ತಾರೆ" ಎಂದಳು ಸೊಸೆ.

ಇಲಿ ಕಡಿದದ್ದನ್ನು ಹಿಡಿದುಕೊಂಡು ಕೊಳ್ಳೇಗಾಲದ ಪೇಟೆಯಲ್ಲಿ ನಡೆಯುವುದೇ? "ನಂಗೊತ್ತು ಬುಡು" ಎಂದು ಹೊರಟೆ. ಗೊತ್ತಿದ್ದದ್ದು ಅಂಗಡಿಯ ದಾರಿ ಮಾತ್ರ.

"ಸೀರಿಯಲ್ಲಾ, ಪ್ಯಾರಲಲ್ಲಾ ಅಜ್ಜಿ?" ಎಂದ ಅಂಗಡಿಯವನು.

"ಎಲ್ಡೂ ಪ್ರಿಂಟರ್‌ಗೇನಾ?"

"ಊ ಕಣಜ್ಜಿ. ಸೀರಿಯಲ್‌ನಲ್ಲಿ ಕಂಪ್ಯೂಟರ್ ಕಳ್ಸೋ ಸಂಕೇತ ಒಂದ್ರ ಇಂದೆ ಒಂದು ಓಯ್ತದೆ. ಪ್ಯಾರಲಲ್‌ನಲ್ಲಿ ಎಂಟು ಒಟ್ಟಿಗೇ ಓಯ್ತವೆ. ಮನೇಗ್ ಫೋನ್ ಮಾಡಿ ಕೇಳಿ."

ಕೇಳಿದರೆ ಸೊಸೆಯ ಮುಂದೆ ಚಿಕ್ಕವಳಾಗಬೇಕಲ್ಲ. ನಾನು ಜೀವಮಾನವೆಲ್ಲ ರಾಟೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದವಳು. ಒಂದು ಕಂಡಿಕೆಗೆ ಒಂದು ಎಳೆ. ಎರಡು ಬಂದರೆ ಸಿಕ್ಕು, ಎಂಟು ಬಂದರೆ ಕತ್ತರಿಯೇ ಗತಿ.

"ಒಂದೊಂದೇ ಓಗೋದ್ ಕೊಡು. ಎಂಟು ಓದ್ರೆ ಸಿಕ್ಕಾಯ್ತದೆ" ಎಂದು ಅವನಿಗೇ ಬುದ್ಧಿ ಹೇಳಿದೆ. ಅವನು ನಗಲಿಲ್ಲ. ವ್ಯಾಪಾರಸ್ಥ.

ಕೇಬಲ್ ನೋಡಿ ಸೊಸೆ ಮುಖ ಹಿಂಡಿಕೊಂಡಳು. ನಮ್ಮದು ಹಳೇ ಪ್ರಿಂಟರು, ಹಿಂದುಗಡೆ ಎರಡು ಬಾಯಿ. ನೋಡೇಬಿಡೋಣ ಎಂದು ಸಿಕ್ಕಿಸಿದರೆ ಚಿಕ್ಕ ಬಾಯಿಗೆ ಕೂತೇಬಿಟ್ಟಿತು. ಗೆದ್ದೆ ಎಂದುಕೊಂಡೆ. ಕಿರ್ರೆಂದು ಕಾಗದ ಬಂತು. ಹೂವಿಲ್ಲ, ಕೋಳಿ ಕೆದರಿದ ಹಾಗೆ ಚುಕ್ಕಿ, ಗೀಟು, ಇಂಗ್ಲಿಷಿನ ಚೂರು. ಕನ್ನಡವನ್ನೇ ಅಕ್ಷರ ಕೂಡಿಸಿ ಓದುವವಳು ನಾನು, ಆದರೂ ಬಾಯಿ ಬಿಡದೆ ಇರಲಾಗಲಿಲ್ಲ.

"ಚೆಂದಾಗೇ ಬಂದದಲ್ಲವ್ವ."

"ಇದ್ನ ನೇಯ್ದ್ರೆ ಎಣ್ಣು ಮಂಟಪದಿಂದ ಎದ್ದೋಯ್ತಾಳೆ ಅತ್ತೆ. ಇದ್ಕೆ ಕಂಪ್ಯೂಟರ್‌ಗೂ ಪ್ರಿಂಟರ್‌ಗೂ ಒಂದೇ ವೇಗ ಇಡ್ಬೇಕಂತೆ, ನಂಗ್ ಬರಲ್ಲ. ಎಂಟು ಒಟ್ಟಿಗೆ ಓಗೋದೇ ಬೇಕಿತ್ತು. ಮಗ್ಗದಲ್ಲಿ ಉದ್ದಕ್ಕಿರೋ ಆಸಿನ ಎಳೆಯೆಲ್ಲಾ ಒಟ್ಟಿಗೇ ಓಗಲ್ವಾ? ಸಿಕ್ಕಾಯ್ತದಾ?"

ಆ ಮಗ್ಗ ನನ್ನ ಕಣ್ಣೆದುರೇ ಇತ್ತು, ನಾನು ಈ ಮನೆಗೆ ಬಂದಾಗಿನಿಂದ. ನಾನು ನೋಡುತ್ತಿದ್ದದ್ದು ರಾಟೆಯನ್ನು.

ಮತ್ತೆ ಅಂಗಡಿಗೆ ಓಡಿದೆ.

"ಸಿಕ್ಕಾಯ್ತಾ ಅಜ್ಜಿ?"

"ಆಯ್ತು ಕಣಪ್ಪ, ನನ್ ತಲೇಲಿ. ಬದಲಾಯ್ಸ್ ಕೊಡು."

ದಪ್ಪನೆಯ ಪ್ಯಾರಲಲ್ ಕೇಬಲ್ ಸಿಕ್ಕಿಸಿದ ಕೂಡಲೇ ಹೂವು ಬಂತು. ಕಾಗದ ಸುತ್ತಿಕೊಂಡು ತೂತು ಹೊಡೆಯುವವನ ಮನೆಗೆ ಹೋದರೆ, ಬೀಗ ಹಾಕಿ ಚೀಲ ಹೆಗಲಿಗೇರಿಸಿದ್ದ.

"ಈಗ್ ಬಂದ್ಯಾ? ಬಸ್ಸಿಗ್ ಒತ್ತಾಯ್ತು ಓಗಕ್ಕ" ಎಂದ.

"ಬಸ್ಸು ಬೆಳಿಗ್ಗೇನೂ ಓಯ್ತದೆ. ಬಿಚ್ಚಿ ನೋಡು."

ಬಿಚ್ಚಿ ನೋಡಿದ. ಇನ್ನಷ್ಟು ಬಿಚ್ಚಿದ. "ಯಾರ್ ಬರ್ದುದ್ದು?"

"ನನ್ ಸೊಸೆ."

"ನೀನ್ಯಾಕ್ ಇಂಗ್ ಏದುಸಿರು ಬುಡ್ತಿದ್ದೀ?"

"ಕೇಬಲ್ ತಂದೋಳು ನಾನು" ಎಂದೆ. ಎಷ್ಟು ಸಲ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೀಗ ತೆಗೆದ. ಮಗಳ ನಂಬರು ಒತ್ತಿ ಫೋನನ್ನು ನನ್ನ ಕೈಗೇ ತುರುಕಿದ. "ಬೆಳಿಗ್ಗೆ ಬತ್ತನಂತೆ ಅಂತ ನೀನೇ ಯೋಳು. ಬೈಸ್ಕಳಕ್ಕೆ ನಂಗ್ ಆಗಲ್ಲ."

ಆ ಬಾಣಂತಿ ಬಾಯಿಗೆ ಬಂದಷ್ಟು ಬೈದಳು. ನಾನು ಜಗುಲಿಯಲ್ಲಿ ಕೂತು ಹೂಂ ಹೂಂ ಎನ್ನುತ್ತಿದ್ದೆ. ಒಳಗೆ ರಟ್ಟಿಗೆ ತೂತು ಬೀಳುವ ಸದ್ದು ಶುರುವಾಗಿತ್ತು.