ಅಂಟಿನ ಕಾರ್ಖಾನೆಯ ಕಿರಿಸೊಸೆ

ಮದುವೆಯಾಗಿ ಬಂದ ಮೊದಲ ವಾರವೇ ಕಿರಿಸೊಸೆ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಇಷ್ಟು ಬೇಗನಾ ಅಂತ ನೆಂಟರು ಮುಸಿಮುಸಿ ನಕ್ಕರು. ಆದರೆ ವಾಂತಿ ತರಿಸಿದ್ದು ನಾತ. ಗಂಡನ ಮನೆಯವರದು ಚರ್ಮದ ಚೂರು ಬೇಯಿಸಿ ಅಂಟು ತೆಗೆಯುವ ಕಾರ್ಖಾನೆ. ಮನೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಹಾಸಿಗೆಯಲ್ಲಿ, ಒಗೆದು ಒಣಗಿಸಿದ ಬಟ್ಟೆಯಲ್ಲಿ, ಕುಡಿಯುವ ಲೋಟದಲ್ಲೂ ಅದೇ ನಾತ. ಮನೆಯವರ ಮೂಗು ಯಾವತ್ತೋ ಸತ್ತುಹೋಗಿತ್ತು.

ಅವಳು ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಕಾರ್ಖಾನೆ ನಡೆಸುತ್ತಿದ್ದ ಭಾವ, ಅಂದರೆ ಗಂಡನ ಅಣ್ಣ, ಕೊಳಚೆ ನೀರಿನ ಉಸ್ತುವಾರಿಯನ್ನು ಅವಳ ಕೊರಳಿಗೆ ಕಟ್ಟಿದರು. ಅಲ್ಲೊಂದು ಎತ್ತರದ ಉಕ್ಕಿನ ಕೊಳವೆ, ಒಳಗೆ ಇದ್ದಿಲಿನ ಕಾಳು. ಕೊಳಚೆಯನ್ನು ತಳದಿಂದ ಮೇಲಕ್ಕೆ ನುಗ್ಗಿಸಿದರೆ ಕಾಳುಗಳು ಎಸರಿನಲ್ಲಿ ಅಕ್ಕಿ ಕುಣಿದಂತೆ ಕುಣಿಯಬೇಕು; ಒಂದೊಂದಕ್ಕೂ ನೀರು ತಾಗಿ, ಅದರ ಹೊಲಸನ್ನು ಅವು ಹೀರಿಕೊಳ್ಳಬೇಕು. ಆದರೆ ಹೊರಗೆ ಬರುತ್ತಿದ್ದುದೂ ಅಷ್ಟೇ ಕೊಳಕು ನೀರು.

ಮುಚ್ಚಳ ತೆಗೆಸಿ ಭುಜದ ತನಕ ಕೈಯಿಳಿಸಿದಳು. ಕಾಳಿನ ಮೇಲೆಲ್ಲ ಸಿಂಬಳದಂಥ ಲೋಳೆ. ನೀರು ಬಸಿಸಿ ತಳ ಬಿಚ್ಚಿಸಿದರೆ, ನೀರು ಒಳಬರುವ ಜರಡಿಯ ಅರ್ಧ ತೂತುಗಳು ಕಟ್ಟಿಕೊಂಡಿದ್ದವು. ನೀರು ಒಂದೇ ಮಗ್ಗುಲಲ್ಲಿ ದಾರಿ ಮಾಡಿಕೊಂಡು ಹೋಗುತ್ತಿತ್ತು. ಮಿಕ್ಕ ಕಾಳು ಅಲ್ಲಾಡದೆ ಕೊಳೆಯುತ್ತಿತ್ತು. ಅವತ್ತು ತನ್ನ ಕೈಯನ್ನು ತಟ್ಟೆಗೆ ಹಾಕಲು ಮನಸ್ಸು ಬಾರದೆ ಚಮಚದಲ್ಲಿ ಉಂಡಳು.

ಹೊಸ ಜರಡಿ ಹಾಕಿಸಿದಳು. ಅಷ್ಟಕ್ಕೇ ಬಿಡಲಿಲ್ಲ. ಪ್ರತಿ ಕಾಳಿನ ಸುತ್ತ ನೀರಿನದೇ ಒಂದು ಪೊರೆ ಅಂಟಿ ನಿಂತಿರುತ್ತದೆ, ಹೊಲಸು ಅದನ್ನು ದಾಟಿಯೇ ಒಳಗೆ ಹೋಗಬೇಕು, ಪೊರೆ ತೆಳುವಾದಷ್ಟೂ ಕೆಲಸ ಚುರುಕು ಎಂದು ಗಂಡನಿಗೆ ವಿವರಿಸಿ, ನೀರನ್ನು ಒಂದೇ ಸಮ ಬಿಡದೆ ತಳ್ಳಿ ತಳ್ಳಿ ಬಿಡುವ ಇನ್ನೊಂದು ಪಂಪು ಕೂಡಿಸಿದಳು. ಒಂದೊಂದು ಸಲ ತಳ್ಳಿದಾಗಲೂ ಕಾಳುಗಳು ಒಂದಕ್ಕೊಂದು ಉಜ್ಜಿ ಲೋಳೆ ಕಳಚಿತು, ಪೊರೆ ಕದಡಿತು. ಕ್ರಮೇಣ ಮೇಲಿನ ತೂಬಿನಿಂದ ತಿಳಿನೀರು ಬಂತು. ಸರ್ಕಾರದ ತಪಾಸಣೆಯವರು ತಲೆದೂಗಿದರು, ಭಾವ ನಾಲ್ಕು ಜನರೆದುರು ಹೊಗಳಿದರು.

ಹೆರಿಗೆಯ ರಜೆ ಮುಗಿಸಿ ಕೆಲಸಕ್ಕೆ ಮರಳಿದಾಗ ಪಂಪಿನ ಸದ್ದೇ ಇರಲಿಲ್ಲ. ಮುಚ್ಚಳ ತೆಗೆದರೆ ನಾತ ಮುಖಕ್ಕೆ ಬಡಿದು ಆಳುಗಳೇ ಹಿಂದೆ ಸರಿದರು. ಕಾಳೆಲ್ಲ ಒಂದೇ ಮುದ್ದೆ, ಅದರ ಮೇಲೆ ಬಿಳಿ ಹುಳ ಮಿಜಿಗುಡುತ್ತಿತ್ತು. ಗೋಡೆಯ ಬದಿಗೆ ಹೊಸ ಪೈಪು, ಕೊಳಚೆಯನ್ನು ನೇರ ಹೊಳೆಗೆ ಬಿಡಲು. ತಪಾಸಣೆ ಇದ್ದಾಗ ಮಾತ್ರ ಹೊಸ ಕಾಳು ತುಂಬಿ ಪಂಪು ಹಾಕುತ್ತೇವೆ ಎಂದು ಫಿಟ್ಟರ್ ನೆಲ ನೋಡುತ್ತಾ ಒಪ್ಪಿಕೊಂಡ.

ಅವಳು ನೇರ ಭಾವನ ಕೋಣೆಗೆ ನಡೆದಳು. ಅವರು ಹಣ್ಣು ಹೆಚ್ಚಿಕೊಂಡು ತಿನ್ನುತ್ತಿದ್ದರು.

"ನನ್ನ ಕೆಲಸ ತೋರಿಸಿ ತಪಾಸಣೆಯವರ ಕಣ್ಣಿಗೆ ಮಣ್ಣೆರಚ್ತಿದ್ದೀರಾ, ಭಾವ?"

"ನಿನ್ನ ಪಂಪು ಎಷ್ಟು ಕರೆಂಟು ನುಂಗುತ್ತೆ ಗೊತ್ತೇನಮ್ಮ? ಬೇಕಾದಾಗ ಹಾಕ್ತೀವಲ್ಲ. ಹೊಳೆ ಹರಿದುಹೋಗುತ್ತೆ, ನಮ್ಮನೆಗೇನೂ ವಾಪಸ್ ಬರಲ್ಲ. ತಗೋ, ತಿನ್ನು."

ರಸ ಸುರಿಯುವ ಬೆರಳಲ್ಲಿ ಅವರು ಒಂದು ಹೋಳು ಚಾಚಿದರು. ಅದನ್ನು ನೋಡಿ ಅವಳಿಗೆ ಬಂದ ವಾಕರಿಕೆ ಲೋಳೆಯೊಳಗೆ ಕೈಯಿಟ್ಟಾಗಲೂ ಬಂದಿರಲಿಲ್ಲ.

ಮರುದಿನ ತಪಾಸಣೆಯ ಕಚೇರಿಗೆ ಹೋಗಿ ಎಲ್ಲ ಹೇಳಿದಳು. ಕಾರ್ಖಾನೆಗೆ ಬೀಗ ಬಿತ್ತು. ಹೊಳೆಯ ಪೈಪು ಕೀಳಿಸಿ, ಪಂಪು ಸದಾ ಓಡುತ್ತಿರಬೇಕು, ಉಸ್ತುವಾರಿ ಅವಳದೇ ಆಗಿರಬೇಕು ಎಂಬ ಶರತ್ತಿನ ಮೇಲೆ ಮತ್ತೆ ತೆರೆಸಿದರು. ಅತ್ತೆ ಮಾತು ಬಿಟ್ಟರು. ಓರಗಿತ್ತಿ ಬೀದಿಯಲ್ಲೇ ಮನೆಮುರುಕಿ ಎಂದಳು. ಗಂಡ ಕೆಲವು ದಿನ ಗೋಡೆಗೆ ಮುಖ ಮಾಡಿ ಮಲಗಿ, ಆಮೇಲೆ ತಾನೇ ಓಡಾಡಿ ದೂರದಲ್ಲೊಂದು ಬಾಡಿಗೆ ಮನೆ ಹುಡುಕಿದ.

ಅವಳು ಈಗಲೂ ದಿನಾ ಕಾಳಿನೊಳಗೆ ಕೈಹಾಕಿ ನೋಡುತ್ತಾಳೆ. ಭಾವ ಎದುರಾದರೆ ಮಾತ್ರ ಸೆರಗೂ ತಾಗದಂತೆ ಗೋಡೆಗೆ ಸರಿದು ನಿಲ್ಲುತ್ತಾಳೆ. ಹೊಸದಾಗಿ ಸೇರಿದ ಆಳುಗಳು ಅದನ್ನು ಮರ್ಯಾದೆ ಎಂದುಕೊಂಡಿದ್ದಾರೆ.