ಕಂಡಿಕೆಯೊಳಗಿನ ರಾಣಿ ಇರುವೆ

ಮರಿಮಗಳು ಹತ್ತಿ ತುರುಕಿದ ಗಾಜಿನ ಕೊಳವೆ ತಂದು, "ಅಜ್ಜಿ, ಈ ರಾಣಿ ಇರುವೆ ಯಾವ ಜಾತಿ?" ಎಂದಳು. ತೊಂಬತ್ತು ದಾಟಿದ ನನಗೆ ಸೇಲಂನ ನಮ್ಮ ಮಗ್ಗದ ಮನೆ ನೆನಪಾಯಿತು.

ನಾನು ಚಿಕ್ಕವಳಿದ್ದಾಗ, ಮಳೆ ಬಿದ್ದ ಒಂದು ಸಂಜೆ, ನೂಲಿನ ಗಂಜಿ ಮಡಕೆಯ ಬಳಿ ರೆಕ್ಕೆಯ ದಪ್ಪ ಇರುವೆಯೊಂದು ಸಿಕ್ಕಿತ್ತು. ನೂಲು ಸುತ್ತುವ ಬಿದಿರಿನ ಕಂಡಿಕೆಯೊಳಗೆ ಬಿಟ್ಟು, ಬಾಯಿಗೆ ನೂಲು ತುರುಕಿದ್ದೆ.

"ಈಸಲು ಕಣೇ, ಉರ್ಕೊಂಡು ತಿನ್ನು," ಎಂದರು ಅಪ್ಪ, ಮಳೆಗೆ ಏಳುವ ರೆಕ್ಕೆಯ ಗೆದ್ದಲೆಂದುಕೊಂಡು.

"ಈಸಲಿಗೆ ಸೊಂಟ ಎಲ್ಲೈತೆ? ಇದು ಗೊದ್ದ," ಎಂದಳು ನನ್ನಜ್ಜಿ.

ಬೆಳಿಗ್ಗೆ ನೋಡಿದರೆ ರೆಕ್ಕೆಗಳು ಕಳಚಿ ಬಿದ್ದಿದ್ದವು. ಯಾರೋ ಇರುವೆ ಬದಲಿಸಿದ್ದಾರೆಂದು ನಾನು ಅತ್ತುಬಿಟ್ಟೆ.

"ಅದೇ ಕಣವ್ವ. ತಾನೇ ಕಿತ್ಕೊಂಡೈತೆ. ಇನ್ಮೇಲೆ ಮನೆ ಮಾಡ್ತೈತೆ," ಎಂದಳು ಅಜ್ಜಿ, ರಾಟೆಯಲ್ಲಿ ನೂಲು ಸುತ್ತುತ್ತಾ.

"ಅದ್ಕೆ ಆರಾಡೋ ಆಸೆ ಇರಲ್ವಾ?" ಎಂದೆ.

ಅಜ್ಜಿಯ ರಾಟೆ ನಿಂತಿತು.

ಈಗ ಮರಿಮಗಳಿಗೆ "ಗೊದ್ದ ಇರಬೇಕು" ಎಂದೆ, ಅನುಮಾನದಲ್ಲೇ. ಅವಳು ಕೊಳವೆಯ ತಳದ ರೆಕ್ಕೆಗಳನ್ನು ನೋಡುತ್ತಾ ನಾನಂದು ಕೇಳಿದ್ದ ಪ್ರಶ್ನೆಯನ್ನೇ ಕೇಳಿದಳು. ನಿಲ್ಲಿಸಲು ನನ್ನ ಕೈಯಲ್ಲಿ ರಾಟೆಯೂ ಇರಲಿಲ್ಲ.