ಹೆಂಗೂ ಬರೀತಿಯಲ್ಲ

ನನ್ನಪ್ಪ ಜೀವಮಾನದಲ್ಲಿ ಒಂದು ತಿಂಗಳೂ ಪಗಾರ ತಗೊಂಡವನಲ್ಲ. ನಮ್ಮದು ಮೇಲವಂಕಿ, ಕುರಿ ಕಾಯುವ ಮನೆತನ. ಸುಗ್ಗಿ ಮುಗಿದ ಮೇಲೆ ಅಪ್ಪ ಕುರಿ ಹೊಡೆದುಕೊಂಡು ಹುಕ್ಕೇರಿ ಕಡೆ ಹೋಗುತ್ತಿದ್ದ. ಹಗಲು ಮೇಯಿಸುವುದು, ಕತ್ತಲಾದ ಮೇಲೆ ಯಾರದಾದರೂ ಖಾಲಿ ಹೊಲದಲ್ಲಿ ಕುರಿ ತರುಬುವುದು, ಅಂದರೆ ಹಿಂಡನ್ನು ಅಲ್ಲೇ ಕೂಡಿಹಾಕಿ ಮಲಗಿಸುವುದು. ಬೆಳಗಾಗುವಷ್ಟರಲ್ಲಿ ಆ ಹೊಲಕ್ಕೆ ಹಿಕ್ಕಿಯ ಗೊಬ್ಬರ, ನಮ್ಮ ಮನೆಗೆ ಜೋಳ. ಎಷ್ಟು ಕುರಿ, ಎಷ್ಟು ರಾತ್ರಿ, ಎಷ್ಟು ಜೋಳ, ಚಹಾಪುಡಿ ಸಕ್ಕರೆ ಯಾರದು, ಎಲ್ಲಾ ಮೊದಲೇ ಮಾತಾಗಬೇಕು. ಮಾತು ಮುಗಿಯುವ ತನಕ ಅಪ್ಪ ಒಂದು ಕುರಿಯನ್ನೂ ಬದು ದಾಟಲು ಬಿಡುತ್ತಿರಲಿಲ್ಲ. ಇದನ್ನು ನಾನು ಲಂಗ ಹಾಕುವ ವಯಸ್ಸಿನಿಂದ ನೋಡಿದವಳು. ನೋಡಿಯೂ ನನಗೆ ಬುದ್ಧಿ ಬರಲಿಲ್ಲ.

ಗೋಕಾಕದಲ್ಲಿ ಬಿ.ಎ. ಮುಗಿಸಿ ಒಂದು ಖಾಸಗಿ ಸಾಲೆಯಲ್ಲಿ ಎರಡು ವರ್ಷ ಕಲಿಸಿದೆ. ಅಲ್ಲಿನ ಹೆಡ್‌ಮಾಸ್ತರರಿಗೆ ನನ್ನ ಪಾಠಕ್ಕಿಂತ ನಾನು ಬರೆದುಕೊಡುವ ಭಾಷಣಗಳ ಮೇಲೆ ಪ್ರೀತಿ. ಧ್ವಜ ಹಾರಿಸುವಾಗ ಒಂದು, ಬೀಳ್ಕೊಡುಗೆಗೆ ಒಂದು, ಯಾರದೋ ಸತ್ಕಾರಕ್ಕೆ ಇನ್ನೊಂದು. ಬರೆಯುವುದು ನಾನು, ಶಾಲು ಹೊದೆಸಿಕೊಳ್ಳುವುದು ಅವರು. ಒಂದು ದಿನ ತಲೆ ಕೆಟ್ಟು ರಾಜೀನಾಮೆ ಕೊಟ್ಟು ಬಂದೆ. ಆಗ ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು.

ಬಸ್ ಸ್ಟ್ಯಾಂಡಿನ ಬಾಜೂಕ್ಕೇ ಒಂದು ಇಂಟರ್ನೆಟ್ ಅಂಗಡಿ. ಗಂಟೆಗಿಷ್ಟು ಅಂತ ಕೊಟ್ಟು ಅಲ್ಲಿ ಕೂತು ಬ್ಲಾಗು ಶುರು ಮಾಡಿದೆ. ನನಗೆ ಗೊತ್ತಿದ್ದದ್ದು ಕುರಿ, ಕುರಿಯನ್ನೇ ಬರೆದೆ. ಹಲ್ಲು ನೋಡಿ ಕುರಿಯ ವಯಸ್ಸು ಹೇಳುವುದು ಹೇಗೆ, ನೆನೆದ ಕರಿ ಕಂಬಳಿ ಹೆಗಲ ಮೇಲೆ ಎಷ್ಟು ಭಾರ, ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಹೇಗೆ ಒಗ್ಗಿಸುತ್ತಾರೆ. ಎಷ್ಟೋ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರದ ಬದಲು ಸಾಲುಸಾಲು ಡಬ್ಬಿಗಳು ಕಾಣುತ್ತಿದ್ದವು. ಅರ್ಧ ಬರೆದಾಗ ಕರೆಂಟು ಹೋದರೆ ಬರೆದದ್ದೂ ಹೋಯಿತು, ಕೊಟ್ಟ ರೊಕ್ಕವೂ ಹೋಯಿತು. ಊರಲ್ಲಿ ಹೆಂಗಸರು ನನಗೆ ಕೇಳುವ ಹಾಗೇ, “ಸಾಲಿ ಬಿಟ್ಟು ಟೈಪ್ ಹೊಡ್ಯಾಕ ಹೋಗ್ತಾಳಂತ” ಅಂತ ನಗುತ್ತಿದ್ದರು. ನಕ್ಕರೆ ನಗಲಿ. ದೂರದೂರದ ಯಾರೋ ದನದ ಡಾಕ್ಟರುಗಳು, ಊರು ಬಿಟ್ಟ ಒಕ್ಕಲು ಮನೆಯ ಮಕ್ಕಳು ಓದಿ ಎರಡು ಸಾಲು ಬರೆಯುತ್ತಿದ್ದರು. ಅದನ್ನು ಓದಲಿಕ್ಕೆಂದೇ ನಾನು ಮಾರನೇ ದಿನ ಮತ್ತೆ ಬಸ್ಸು ಹತ್ತುತ್ತಿದ್ದೆ.

ಬರೆದದ್ದಕ್ಕೆ ಮೊದಲು ರೊಕ್ಕ ಕೊಟ್ಟವರು ಮೂಡಲಗಿಯ ಬೀಜದ ವ್ಯಾಪಾರಿ ಕಾಕಾ. ಜೈನರ ಮನೆಯವರು, ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಬೀಜದ ಮರಾಠಿ ಕರಪತ್ರವೊಂದನ್ನು ನಮ್ಮ ರೈತರಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಡು ಎಂದು ಕರೆಸಿದ್ದರು. ಬರೆದುಕೊಟ್ಟೆ. ಓದಿ ಮಡಚಿಟ್ಟು, “ಏನ್ ತಗೋತಿ?” ಅಂದರು.

“ನಿಮಗ ತಿಳಿದಷ್ಟು ಕೊಡ್ರಿ ಕಾಕಾ.”

“ನನಗೇನೂ ತಿಳಿಯಂಗಿಲ್ಲ. ಹೊತ್ತು ಮುಳುಗೋದರಾಗ ಮನಿಗಿ ಹೋಗಿ ಊಟಾ ಮಾಡಬೇಕು, ಅದೊಂದು ತಿಳಿತೈತಿ. ಲಗೂನ ರೇಟ್ ಹೇಳು.”

ಹೇಗೋ ಒಂದು ರೇಟು ಹೇಳಿದೆ. ಅವರು ಸ್ವಲ್ಪ ಚೌಕಾಶಿ ಮಾಡಿ ಅಲ್ಲೇ ಕೊಟ್ಟರು. ಹೊರಡುವಾಗ, ಮುಂದಿನ ಸಲ ಕೆಲಸಕ್ಕಿಂತ ಮೊದಲೇ ರೇಟು ಹೇಳಬೇಕು, ಇಲ್ಲವಾದರೆ ಅಂಗಡಿ ಮೆಟ್ಟಿಲು ಹತ್ತಬೇಡ ಎಂದು ಬೈದೂ ಕಳಿಸಿದರು. ಆ ಬೈಗುಳ ನನ್ನ ತಲೆಯಲ್ಲಿ ಉಳಿಯಲಿಲ್ಲ.

ಅದೇ ವರ್ಷ ಹುಕ್ಕೇರಿ ಕಡೆಯ ಸಾವಕಾರರು ಹೇಳಿಕಳಿಸಿದರು. ಅಪ್ಪ ಹತ್ತು ಹನ್ನೆರಡು ವರ್ಷದಿಂದ ಕುರಿ ತರುಬುತ್ತಿದ್ದದ್ದು ಅವರ ಹೊಲದಲ್ಲೇ. ಅರಿಷಿಣ ಹಾಕುವ ಹೊಲ, ತುಂಬಿದ ಬಾವಿ, ತೋಳದ ಕಾಟವಿಲ್ಲ. ಅಂಥ ಜಾಗ ಸಿಕ್ಕರೆ ಕುರುಬ ಬಿಡುವುದಿಲ್ಲ. ಸಾವಕಾರರು ಗೆಳೆಯರ ಜೊತೆ ಸೇರಿ ರೈತರಿಗೆಂದು ಒಂದು ವೆಬ್‌ಸೈಟು ಮಾಡಿಸಿದ್ದರು. ಅದರಲ್ಲಿ ತುಂಬುವುದಕ್ಕೆ ಬರಹ ಬೇಕಾಗಿತ್ತು. “ನಿನ್ನಂಥಾಕಿ ನಮ್ಮದರಾಗ ಬರಿಬೇಕು ತಂಗಿ. ಹೆಸರು ಬರತೈತಿ. ಉಳಿದದ್ದು ಮುಂದ ನೋಡೋಣಂತ” ಅಂದರು. ದೊಡ್ಡವರು, ಅಪ್ಪನ ಹೊಲದವರು, ಮೇಲಾಗಿ ಹೊಗಳುತ್ತಿದ್ದಾರೆ. ನಾನು ಉಬ್ಬಿಹೋದೆ. ರೇಟಿನ ಮಾತೇ ಎತ್ತದೆ ಆಗಲಿ ಅಂದೆ.

ಎಂಟು ತಿಂಗಳು ವಾರಕ್ಕೆರಡು ಲೇಖನ ಕೊಟ್ಟೆ. ಬಸ್ಸಿನ ಖರ್ಚು ನನ್ನದು, ಇಂಟರ್ನೆಟ್ ಅಂಗಡಿಯ ಗಂಟೆ ನನ್ನದು. ನನ್ನ ಬ್ಲಾಗು ಬೀಳುಬಿತ್ತು. ಎಲ್ಲಿ ಹೋದಿರಿ ಎಂದು ಕೇಳುತ್ತಿದ್ದ ಓದುಗರು ಕೇಳುವುದನ್ನೂ ಬಿಟ್ಟರು. ಒಂದು ಕೃಷಿ ಮಾಸಪತ್ರಿಕೆಯವರು ಅಂಕಣ ಬರೆಯುತ್ತೀರಾ ಅಂದಾಗ ಪುರುಸೊತ್ತಿಲ್ಲ ಅಂದೆ. ಆ ವೆಬ್‌ಸೈಟಿನಲ್ಲಿ ನನ್ನ ಲೇಖನದ ಎಡಕ್ಕೆ ಪಂಪ್‌ಸೆಟ್ಟಿನ ಜಾಹೀರಾತು, ಬಲಕ್ಕೆ ಗೊಬ್ಬರದ ಜಾಹೀರಾತು. ಕೆಳಗೆ, ಬರೆದವರು ‘ನಮ್ಮ ಪ್ರತಿನಿಧಿ’. ಬರುತ್ತದೆ ಅಂದಿದ್ದ ಹೆಸರೂ ಬರಲಿಲ್ಲ.

ಬೇಸಗೆ ಶುರುವಾಗಿತ್ತು. ಕುರಿ ಸಾವಕಾರರ ಹೊಲದಲ್ಲೇ ಇದ್ದವು. ಅಪ್ಪನಿಗೆ ರೊಟ್ಟಿ ಕಟ್ಟಿಕೊಂಡು ಹೋದವಳು, ಅವನನ್ನೂ ಕರೆದುಕೊಂಡು ಸಾವಕಾರರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಪೇಪರು ಓದುತ್ತ ಕೂತಿದ್ದರು. ಇನ್ನು ಮುಂದೆ ಲೇಖನಕ್ಕೆ ಇಷ್ಟು ಅಂತ ಕೊಡಬೇಕು ಎಂದು ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ, ನಗು ಬಂತು.

“ಹೆಂಗೂ ಬರೀತಿಯಲ್ಲ ತಂಗಿ! ನಿನ್ನ ಬ್ಲಾಗಿಗಿ ಯಾರರೆ ರೊಕ್ಕಾ ಕೊಡತಿದ್ರೇನು? ಅಲ್ಲಿ ಬರಿಯೋದು ಇಲ್ಲಿ ಬರಿ, ಅಷ್ಟ.” ಆಮೇಲೆ ಅಪ್ಪನ ಕಡೆ ತಿರುಗಿದರು. “ಮಗಳಿಗಿ ಬುದ್ಧಿ ಹೇಳಪಾ. ಬರೋ ವರ್ಷಾನೂ ಕುರಿ ಇಲ್ಲೇ ಬರಬೇಕಲ್ಲ?”

ಅಪ್ಪ ಕೈಮುಗಿದು ಹೊರಟ. ಅಂಗಳ ದಾಟಿ ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದ, “ಬರದು ಬಿಡವ್ವ. ನಿಂದೇನು ಹೋಗತೈತಿ? ನೀರಿರೋ ಹೊಲಾ, ಮತ್ತ ಸಿಗಂಗಿಲ್ಲ.”

ನನಗೆ ಮೈಯೆಲ್ಲಾ ಉರಿದುಹೋಯಿತು. ನಾನು ಏಳನೆಯದೋ ಎಂಟನೆಯದೋ ಕಲಿಯುವಾಗ ಒಬ್ಬ ರೈತ ಅಪ್ಪನಿಗೆ ಇದೇ ಮಾತು ಆಡಿದ್ದ. ಕುರಿ ಹೇಗೂ ಎಲ್ಲಾದರೂ ಮಲಗಲೇಬೇಕಲ್ಲ, ನನ್ನ ಹೊಲದಲ್ಲೇ ಮಲಗಲಿ, ಅದಕ್ಕೇಕೆ ಜೋಳ ಅಂದಿದ್ದ. ಅಪ್ಪ ವಾದ ಮಾಡಲಿಲ್ಲ. ಹಿಂಡು ತಿರುಗಿಸಿಕೊಂಡು ಹೋಗಿ ಬರೀ ಕಲ್ಲಿರುವ ಗಾಯರಾಣದಲ್ಲಿ, ಅಂದರೆ ಊರ ಗೋಮಾಳದಲ್ಲಿ, ತರುಬಿದ. ಆ ಗೊಬ್ಬರ ಯಾವ ಬೆಳೆಗೂ ದಕ್ಕಲಿಲ್ಲ. ಆ ವಾರ ಅವ್ವ ಪಕ್ಕದ ಮನೆಯಿಂದ ಜೋಳ ಕಡ ತಂದು ರೊಟ್ಟಿ ಬಡಿದಳು, ಬಡಿಯುತ್ತ ಅಪ್ಪನನ್ನು ಬೈದಳು. ನನಗೆ ಮಾತ್ರ ಅಪ್ಪ ಆವತ್ತು ಎಲ್ಲರಿಗಿಂತ ದೊಡ್ಡವನಾಗಿ ಕಂಡಿದ್ದ. ಅಂಥವನು ಈಗ ಬರೆದು ಬಿಡು ಅನ್ನುತ್ತಾನೆ!

“ನಿನ್ನ ಕುರಿ ಹಿಕ್ಕಿಗಿ ರೇಟ್ ಐತಿ, ನನ್ನ ಬರವಣಿಗಿಗಿ ಇಲ್ಲೇನು?” ಎಂದು ದಾರಿಯಲ್ಲೇ ಕೂಗಿದೆ. “ಅವೂ ಹೆಂಗೂ ಹಿಕ್ಕಿ ಹಾಕತಾವಲ್ಲ, ಹಂಗಾರ ನೀನೂ ಪುಕ್ಕಟ ತರುಬು!”

ಅಪ್ಪ ಕೋಲಿನ ತುದಿಯಿಂದ ಮಣ್ಣು ಕೆದರುತ್ತ ನಿಂತುಬಿಟ್ಟ. ವಯಸ್ಸಾಗಿತ್ತು ಅವನಿಗೆ, ಮೊಣಕಾಲು ನೋವು. ಬಾವಿಯಿರುವ ಹೊಲ ಅವನಿಗೆ ಎಷ್ಟು ಮುಖ್ಯ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅವನ ಮೋರೆ ನೋಡಿ ಅಯ್ಯೋ ಅನ್ನಿಸಿತು. ಆದರೂ ಆಡಿದ ಮಾತು ವಾಪಸ್ ತಗೊಳ್ಳಲಿಲ್ಲ, ಇವತ್ತಿಗೂ ತಗೊಂಡಿಲ್ಲ. ಅಲ್ಲಿಂದಲೇ ತಿರುಗಿ ಪಡಸಾಲೆಗೆ ಹೋದೆ.

“ಸಾವಕಾರ್ರ, ಇವತ್ತಿನಿಂದ ನಾ ಬರಿಯಂಗಿಲ್ಲ.”

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. “ಹಂಗಾರ ಕುರಿ ಹೊಡಕೊಂಡು ಹೋಗಂತ ಹೇಳು ನಿಮ್ಮಪ್ಪಗ.”

ಆ ಬೇಸಗೆ ನಮ್ಮ ಹಿಂಡು ಅಲ್ಲೆರಡು ದಿನ, ಇಲ್ಲೆರಡು ದಿನ ಅಂತ ಅಲೆಯಿತು. ಅವ್ವ ನನ್ನ ಬರವಣಿಗೆಗೆ ಬೆಂಕಿ ಹಚ್ಚುವ ಮಾತಾಡಿದಳು. ಅಪ್ಪ ನನ್ನ ಜೊತೆ ನೀರು ಕೇಳುವಷ್ಟೇ ಮಾತು ಉಳಿಸಿಕೊಂಡ. ತಪ್ಪು ನನ್ನದೇ, ಮೊದಲ ದಿನವೇ ಮಾತಾಡಿಕೊಳ್ಳದೆ ಬರೆದದ್ದು. ಬರೆಯಲಾರೆ ಅಂದದ್ದು ತಪ್ಪಲ್ಲ. ಇದನ್ನು ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮಾಡಿಯೇ ತೋರಿಸುತ್ತೇನೆ ಎಂಬ ಹಟ ಹತ್ತಿತ್ತು.

ಎಂಟು ತಿಂಗಳ ಲೇಖನಗಳನ್ನೆಲ್ಲ ತಿದ್ದಿ ನನ್ನ ಬ್ಲಾಗಿಗೆ ಹಾಕಿದೆ. ಮೇಲ್ಗಡೆ, ಎಲ್ಲರಿಗೂ ಕಾಣುವ ಹಾಗೆ, ಅನುವಾದಕ್ಕೆ ಇಷ್ಟು, ಕರಪತ್ರಕ್ಕೆ ಇಷ್ಟು, ಅಂಕಣಕ್ಕೆ ಇಷ್ಟು ಎಂದು ಬರೆದೆ. ಒಬ್ಬ ಓದುಗರು, ಇದು ಬ್ಲಾಗೋ ಅಂಗಡಿಯೋ ಎಂದು ಹಂಗಿಸಿದರು. ಅಂಗಡಿಯೇ ಅಂತ ಉತ್ತರ ಕೊಟ್ಟೆ. ಕುರಿಯ ಬರಹ ಮಾತ್ರ ಯಾರು ಬೇಕಾದರೂ ಓದಬಹುದಿತ್ತು, ಅದು ನನ್ನ ಖುಷಿಗೆ. ಬೇರೆಯವರಿಗಾಗಿ ಬರೆದರೆ ದರ. ಒಬ್ಬರದೇ ಕೆಲಸಕ್ಕೆ ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಕೊಡಬಾರದು ಎಂದು ಗೆರೆ ಎಳೆದುಕೊಂಡೆ. ಎಷ್ಟೋ ತಿಂಗಳು ಯಾರೂ ಬರಲಿಲ್ಲ. ನಿಡಸೋಸಿಯಲ್ಲಿ ಎಂಜಿನಿಯರಿಂಗ್ ಕಲಿಯುವ ಹುಡುಗರು ತಮ್ಮ ವರದಿಯನ್ನು ನೀವೇ ಬರೆದುಕೊಡಿ ಎಂದು ಬಂದರು, ತಪ್ಪು ತಿದ್ದಿಕೊಡುತ್ತೇನೆ, ಬರೆಯುವುದು ನೀವೇ ಅಂದೆ. ಇಬ್ಬರು ಹೋದರು, ಒಬ್ಬ ಉಳಿದ. ಮಾಸಪತ್ರಿಕೆಯವರಿಗೆ ನಾಚಿಕೆ ಬಿಟ್ಟು ನಾನೇ ಕಾಗದ ಬರೆದೆ, ಅಂಕಣ ಸಿಕ್ಕಿತು. ಬೀಜದ ಕಾಕಾ ತಮ್ಮ ಬೀಗರ ಅಂಗಡಿಗೂ ನನ್ನ ಹೆಸರು ಹೇಳಿದರು. ವರ್ಷ ತುಂಬುವುದರೊಳಗೆ ಮನೆಯಲ್ಲಿ ಒಂದು ಹಳೇ ಕಂಪ್ಯೂಟರು ಬಂದು ಕೂತಿತು.

ಮುಂದಿನ ಸುಗ್ಗಿ ಮುಗಿದಾಗ ಮೂಡಲಗಿ ಹತ್ತಿರ ಹೊಸ ಹೊಲವೊಂದರ ಮಾತುಕತೆ ಇತ್ತು. ನನಗೂ ಕಾಕಾ ಅವರ ಅಂಗಡಿಯಲ್ಲಿ ಕೆಲಸ, ಒಂದೇ ಬಸ್ಸಿನಲ್ಲಿ ಹೋಗಿ ಮೊದಲು ಅಪ್ಪನ ಜೊತೆ ಹೊಲಕ್ಕೆ ನಡೆದೆ. ಹೊಲದವನು ಒಳ್ಳೆಯ ಮನುಷ್ಯನೇ. ಅಪ್ಪನೊಡನೆ ಜೋಳದ ಲೆಕ್ಕ ಮಾತಾಡುತ್ತ ನನ್ನ ಬಗಲಿನ ಚೀಲ, ಅದರೊಳಗಿನ ಕಾಗದ ನೋಡಿದ.

“ಮಗಳೇನ್ರಿ? ಛಲೋ ಓದಿದಂಗ ಕಾಣ್ತಾಳ. ನಮ್ಮ ಹಾಲಿನ ಸಂಘದ್ದೊಂದು ಪುಸ್ತಕಾ ಮಾಡೂದೈತಿ. ಹೆಂಗೂ ಬಂದೀದಿಯಲ್ಲವಾ, ನಾಕ ಹಾಳಿ ಬರದು ಕೊಟ್ಟು ಹೋಗು.”

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೋಲು ನೆಲಕ್ಕೆ ಊರಿದ.

“ಕುರಿದು ನನ್ನ ಜೋಡಿ ಮಾತಾಡ್ರಿ. ಬರಿಯೂದರದು ಆಕಿ ಜೋಡಿ ಮಾತಾಡ್ರಿ. ಆಕಿ ರೇಟ್ ಬ್ಯಾರೆ ಐತಿ.”